ಹಲ್ಲಿಗೆ ಕ್ಲಿಪ್ ಹಾಕಿಸುವ ಮುನ್ನ

ಸೋದರಿಯರೇ, ನನ್ನದೇ ಒಂದು ತಪ್ಪಿನಿಂದ ಈ ಲೇಖನ ಶುರು ಮಾಡುತ್ತೇನೆ.

2017ರ ವೈಶಾಖದಲ್ಲಿ ನಮ್ಮ ಕೊನೇ ಮೈದುನನ ಮದುವೆ. ಛತ್ರದಲ್ಲಿ ಊಟಕ್ಕೆ ಕೂತಾಗ ದೊಡ್ಡ ಮಗಳು ಬಾಯಿಂದ ಹಲ್ಲಿನ ಪ್ಲೇಟು ತೆಗೆದು, ಕಾಗದದಲ್ಲಿ ಸುತ್ತಿ, ಎಲೆಯ ಪಕ್ಕಕ್ಕೆ ಇಟ್ಟಳು. ಹೋಳಿಗೆ, ಕೋಸಂಬರಿ, ಮಜ್ಜಿಗೆ ಎಲ್ಲ ಮುಗಿಸಿ ಕೈ ತೊಳೆಯಲು ಎದ್ದೆವು. ತಿರುಗಿ ಬರುವಷ್ಟರಲ್ಲಿ ಎಲೆ ಎತ್ತುವ ಹುಡುಗರು ಎಲೆಯ ಜೊತೆಗೆ ಆ ಪೊಟ್ಟಣವನ್ನೂ ಸುತ್ತಿ ಹಾಕಿಬಿಟ್ಟಿದ್ದರು. ಎಲೆ ಗುಡ್ಡೆಯಲ್ಲಿ ಹುಡುಕಿದ್ದೇ ಹುಡುಕಿದ್ದು, ಸಿಗಲಿಲ್ಲ. ಮಗಳು ಅಳತೊಡಗಿದಳು. ನಾನೇ ಸಮಾಧಾನ ಹೇಳಿದೆ: “ಹೋಗ್ಲಿ ಬಿಡೇ, ಹಲ್ಲು ಹೇಗೂ ನೆಟ್ಟಗಾಯ್ತಲ್ಲ. ಇನ್ನು ಆ ಪ್ಲೇಟು ಯಾಕೆ? ಮತ್ತೆ ಅದಕ್ಕೊಂದು ದುಡ್ಡು ಯಾಕೆ?”

ಆ ಮಾತನ್ನು ಆಡಬಾರದಿತ್ತು. ಇಪ್ಪತ್ತು ತಿಂಗಳು ಅವಳು ಬಾಯಲ್ಲಿ ತಂತಿ ಹೊತ್ತಿದ್ದಳು. ಅದನ್ನು ಬಿಚ್ಚಿ ಎರಡು ತಿಂಗಳಷ್ಟೇ ಆಗಿತ್ತು. ಮುಂದಿನ ವರ್ಷದ ಯುಗಾದಿ ಹೊತ್ತಿಗೆ ಕೆಳಗಿನ ಮುಂದಿನ ಹಲ್ಲು ಒಂದರ ಮೇಲೊಂದು ಹತ್ತಿದ್ದವು. ಮೇಲಿನ ಎರಡು ಹಲ್ಲು ಮತ್ತೆ ಮುಂದೆ ಬಂದಿದ್ದವು. ಚೀಟಿ ಹಣ ಎತ್ತಿ ಕಟ್ಟಿದ ಫೀಸು, ತಿಂಗಳು ತಿಂಗಳು ತುಮಕೂರಿಗೆ ಓಡಾಡಿದ್ದು, ಮಗು ಪಟ್ಟ ನೋವು, ಎಲ್ಲಾ ಹೊಳೆಯಲ್ಲಿ ಹುಣಿಸೆ ಹಣ್ಣು ತೊಳೆದ ಹಾಗಾಯಿತು.

ಈಗ ಚಿಕ್ಕ ಮಗಳ ಸರದಿ. ಈ ಸಲ ಡಾಕ್ಟರಮ್ಮನವರನ್ನು ಬಿಡದೆ ಕೇಳಿದೆ. ಕಲ್ಲಿನಂಥ ಹಲ್ಲು ಜಾಗ ಬಿಟ್ಟು ಸರಿಯೋದು ಹೇಗೆ? ಸರಿದದ್ದು ಮತ್ತೆ ವಾಪಸು ಯಾಕೆ ಬರುತ್ತೆ? ಅವರು ಹೇಳಿದ್ದನ್ನೂ ನಾನು ಓದಿ ತಿಳಿದದ್ದನ್ನೂ ನಮ್ಮ ಕಡೆಯ ತಾಯಂದಿರಿಗೆ ಹೇಳಬೇಕೆನಿಸಿತು.

ಹಲ್ಲು ಗೋಡೆಗೆ ಹೊಡೆದ ಮೊಳೆಯಲ್ಲ

ನಮ್ಮತ್ತೆಯವರಿಗೆ ಮೊದಲಿನಿಂದಲೂ ಒಂದೇ ಭಯ. “ದೇವ್ರು ಕೊಟ್ಟ ಹಲ್ಲಿಗೆ ತಂತಿ ಬೇಲಿ ಹಾಕಿಸ್ತೀಯಲ್ಲೇ ತಾಯಿ, ನಾಳೆ ಬೇರೇ ಸಡಿಲ ಆದ್ರೆ ಏನ್ ಮಾಡ್ತೀಯ?” ಅನ್ನುತ್ತಿದ್ದರು. ಅವರ ಪ್ರಶ್ನೆ ದಡ್ಡ ಪ್ರಶ್ನೆಯಲ್ಲ. ನಾವೆಲ್ಲ ಹಲ್ಲು ಅಂದರೆ ಗೋಡೆಗೆ ಹೊಡೆದ ಮೊಳೆ, ಅಲ್ಲಾಡಿಸಿದರೆ ಸಡಿಲವಾಗುತ್ತದೆ ಅಂತಲೇ ತಿಳಿದಿದ್ದೇವೆ.

ಆದರೆ ಹಲ್ಲಿನ ಬೇರು ದವಡೆಯ ಮೂಳೆಗೆ ನೇರವಾಗಿ ಅಂಟಿಕೊಂಡಿಲ್ಲ. ಬೇರಿಗೂ ಮೂಳೆಗೂ ನಡುವೆ ಸುತ್ತಲೂ ತೆಳ್ಳನೆಯ ನಾರಿನ ಪೊರೆಯಿದೆ. ಅದರ ದಪ್ಪ ಒಂದು ಮಿಲಿಮೀಟರಿನ ಕಾಲು ಭಾಗದಷ್ಟು. ಅದರಲ್ಲಿ ರಕ್ತನಾಳಗಳಿವೆ, ನರಗಳಿವೆ. ನಾವು ಕಡಲೆ ಅಗಿದಾಗ ಆ ಪೆಟ್ಟನ್ನು ತಡೆಯುವ ಮೆತ್ತೆ ಅದೇ. ಇನ್ನು ಮೂಳೆಯೂ ಸತ್ತ ಕಲ್ಲಲ್ಲ. ಅದು ಜೀವಂತ. ದಿನವೂ ಸ್ವಲ್ಪ ಸ್ವಲ್ಪ ಕರಗುತ್ತಾ, ಸ್ವಲ್ಪ ಸ್ವಲ್ಪ ಹೊಸದಾಗುತ್ತಾ ಇರುತ್ತದೆ. ಮುರಿದ ಕೈ ಕೂಡಿಕೊಳ್ಳುವುದು ಇದರಿಂದಲೇ.

ಹಲ್ಲನ್ನು ಒಂದು ಕಡೆಗೆ ಮೆಲ್ಲಗೆ, ಬಿಡದೆ ಒತ್ತುತ್ತಾ ಇದ್ದರೆ ಏನಾಗುತ್ತದೆ? ಮುಂದಿನ ಕಡೆ ನಾರಿನ ಪೊರೆ ಅಮುಕುತ್ತದೆ. ಅಲ್ಲಿಗೆ ಮೂಳೆ ಕರಗಿಸುವ ಜೀವಕೋಶಗಳು ಬಂದು ಸೇರಿ, ಹಲ್ಲಿನ ಮುಂದೆ ದಾರಿ ಬಿಡಿಸುತ್ತವೆ. ಹಿಂದಿನ ಕಡೆ ಅದೇ ಪೊರೆ ಹಿಗ್ಗುತ್ತದೆ. ಅಲ್ಲಿ ಮೂಳೆ ಕಟ್ಟುವ ಕೋಶಗಳು ಕೂತು ಹೊಸ ಮೂಳೆ ತುಂಬುತ್ತವೆ. ಹೊಲದಲ್ಲಿ ಬದುವನ್ನು ಒಂದು ಮೊಳ ಆಚೆ ಸರಿಸಬೇಕಾದರೆ ಒಂದು ಕಡೆ ಮಣ್ಣು ಕೆತ್ತಿ, ಇನ್ನೊಂದು ಕಡೆ ಮಣ್ಣು ಹಾಕಿ ತುಳಿಯುವುದಿಲ್ಲವೇ, ಹಾಗೇ. ಹಲ್ಲು ಮೂಳೆಯನ್ನು ಸೀಳಿಕೊಂಡು ಹೋಗುವುದಿಲ್ಲ. ತನ್ನ ಮನೆಯನ್ನೇ ಜೊತೆಗೆ ಕಟ್ಟಿಸಿಕೊಂಡು ಹೋಗುತ್ತದೆ.

ಸ್ವೀಡನ್ನಿನ ಸ್ಯಾಂಡ್‌ಸ್ಟೆಡ್ ಎಂಬ ವೈದ್ಯರು ನಾಯಿಯ ಹಲ್ಲಿಗೆ ತಂತಿ ಕಟ್ಟಿ, ಸೂಕ್ಷ್ಮದರ್ಶಕದಲ್ಲಿ ಮೂಳೆಯನ್ನು ನೋಡಿ, 1904ರಲ್ಲಿಯೇ ಇದನ್ನು ತೋರಿಸಿಕೊಟ್ಟಿದ್ದರು. ಅದಕ್ಕೂ ಎಷ್ಟೋ ಮೊದಲು, 1728ರಲ್ಲಿ, ಫ್ರಾನ್ಸಿನ ಪಿಯರ್ ಫೋಷಾರ್ ತಮ್ಮ ಪುಸ್ತಕದಲ್ಲಿ ಲಾಳದ ಆಕಾರದ ಲೋಹದ ಪಟ್ಟಿಗೆ ಹಲ್ಲುಗಳನ್ನು ದಾರದಿಂದ ಕಟ್ಟಿ ಸರಿಪಡಿಸುವ ಬಗೆ ಬರೆದಿದ್ದರು. ಅಂದರೆ ಕ್ಲಿಪ್ಪು ನಿನ್ನೆ ಮೊನ್ನೆಯ ಷೋಕಿಯಲ್ಲ.

ಜೋರಾಗಿ ಎಳೆದರೆ ಬೇಗ ಆಗುತ್ತದೆಯೇ?

ನಾನೂ ಇದನ್ನೇ ಕೇಳಿದೆ. “ಸ್ವಲ್ಪ ಬಿಗಿಯಾಗಿ ಕಟ್ಟಿ ಮೇಡಂ, ಪರೀಕ್ಷೆ ಒಳಗೆ ಮುಗಿದುಹೋಗಲಿ” ಅಂದೆ. ಡಾಕ್ಟರಮ್ಮ ನಕ್ಕರು. “ಜೋರು ಮಾಡಿದರೆ ಇನ್ನೂ ತಡವಾಗುತ್ತಮ್ಮ” ಎಂದರು.

ಅತಿಯಾಗಿ ಒತ್ತಿದರೆ ಆ ನಾರಿನ ಪೊರೆಯಲ್ಲಿ ರಕ್ತ ಓಡಾಡುವುದೇ ನಿಂತುಹೋಗುತ್ತದೆ. ರಕ್ತ ಬಾರದ ಕಡೆ ಕೆಲಸ ಮಾಡುವ ಕೋಶಗಳಾದರೂ ಹೇಗೆ ಬಂದಾವು? ಹಲ್ಲು ವಾರಗಟ್ಟಲೆ ಅಲ್ಲೇ ನಿಂತುಬಿಡುತ್ತದೆ. ನೋವು ಹೆಚ್ಚು, ಬೇರಿನ ತುದಿ ಸವೆಯುವ ಅಪಾಯ ಬೇರೆ. ಅದಕ್ಕೇ ಹಗುರವಾದ ಒತ್ತಡ, ಬಿಡದ ಒತ್ತಡ. ಎಲ್ಲ ಸರಿಯಾಗಿ ನಡೆದರೆ ತಿಂಗಳಿಗೆ ಸುಮಾರು ಒಂದು ಮಿಲಿಮೀಟರ್ ಸರಿಯುತ್ತದೆ. ಹಾಗಾಗಿಯೇ ಒಂದೂವರೆ ವರ್ಷ, ಎರಡು ವರ್ಷ ಹಿಡಿಯುವುದು. ನಾಲ್ಕು ತಿಂಗಳಲ್ಲಿ ಎಲ್ಲಾ ನೆಟ್ಟಗೆ ಮಾಡಿಕೊಡುತ್ತೇವೆ ಅನ್ನುವವರ ಮಾತಿಗೆ ಮರುಳಾಗಬೇಡಿ.

ಹಲ್ಲಿನ ಮೇಲೆ ಅಂಟಿಸುವ ಸಣ್ಣ ಬಿಲ್ಲೆಗೆ ಬ್ರಾಕೆಟ್ ಎನ್ನುತ್ತಾರೆ. ಅದು ಬರೀ ಹಿಡಿ. ಕೆಲಸ ಮಾಡುವುದು ಅದರೊಳಗೆ ಹಾಯುವ ತಂತಿ. ಶುರುವಿನಲ್ಲಿ ಹಾಕುವುದು ನಿಕ್ಕಲ್ ಮತ್ತು ಟೈಟೇನಿಯಂ ಬೆರೆತ ತಂತಿ. ಇದು 1970ರ ದಶಕದಲ್ಲಿ ಹಲ್ಲಿನ ಚಿಕಿತ್ಸೆಗೆ ಬಂದದ್ದು. ಇದನ್ನು ಹೇಗೆ ಬಗ್ಗಿಸಿದರೂ ತನ್ನ ಮೊದಲಿನ ಕಮಾನಿನ ಆಕಾರಕ್ಕೆ ಮರಳಲು ನೋಡುತ್ತದೆ. ಸೊಟ್ಟ ಹಲ್ಲುಗಳಿಗೆ ಸಿಕ್ಕಿಸಿದಾಗ ತಾನು ನೆಟ್ಟಗಾಗುವ ಹಟದಲ್ಲಿ ಹಲ್ಲುಗಳನ್ನೂ ಜೊತೆಗೆ ಎಳೆದೊಯ್ಯುತ್ತದೆ. ಆಮೇಲೆ ಗಟ್ಟಿಯಾದ ಸ್ಟೀಲ್ ತಂತಿ ಹಾಕುತ್ತಾರೆ. ದವಡೆಯಲ್ಲಿ ಜಾಗವೇ ಇಲ್ಲದಿದ್ದರೆ ಕೋರೆ ಹಲ್ಲಿನ ಹಿಂದಿನ ಹಲ್ಲುಗಳನ್ನು, ಕೆಲವರಿಗೆ ನಾಲ್ಕನ್ನೂ, ಕಿತ್ತು ಜಾಗ ಮಾಡುವುದುಂಟು. ಒಳ್ಳೇ ಹಲ್ಲು ಯಾಕೆ ಕೀಳುತ್ತಾರೆ ಅಂತ ಜಗಳಕ್ಕೆ ನಿಲ್ಲಬೇಡಿ. ಯಾಕೆ ಬೇಕು, ಕೀಳದೆ ಆಗುತ್ತದೆಯೇ ಎಂದು ಕೇಳಿ, ಎಕ್ಸ್‌ರೇ ತೋರಿಸಿ ವಿವರಿಸಲು ಹೇಳಿ.

ನಡುವೆ ಹಲ್ಲು ಕೊಂಚ ಅಲ್ಲಾಡುವುದು ನಿಜ. ಮೂಳೆ ಕೆತ್ತಿ ಕಟ್ಟುವ ಕೆಲಸ ನಡೆಯುತ್ತಿರುವಾಗ ಅದು ಸಹಜ. ಚಿಕಿತ್ಸೆ ಮುಗಿದ ಮೇಲೆ ಗಟ್ಟಿಯಾಗುತ್ತದೆ. ಇದನ್ನು ಕೇಳಿದ ಮೇಲೆ ನಮ್ಮತ್ತೆಯವರಿಗೂ ಸಮಾಧಾನವಾಯಿತು.

ಇದು ಬರೀ ಅಂದಕ್ಕಾಗಿ ಅಲ್ಲ

“ಹೆಣ್ಣುಮಕ್ಕಳು, ನಾಳೆ ಗಂಡಿನ ಕಡೆಯವರು ನೋಡೋಕೆ ಬರ್ತಾರೆ, ಅದಕ್ಕೇ ತಾನೆ?” ಎಂದು ಪಕ್ಕದ ಮನೆಯವರು ಕೇಳಿದರು. ನಿಜ ಹೇಳಬೇಕೆಂದರೆ ದೊಡ್ಡವಳ ಸಮಯದಲ್ಲಿ ನನ್ನ ತಲೆಯಲ್ಲೂ ಅದೇ ಇತ್ತು. ನನಗೇ ಉಬ್ಬು ಹಲ್ಲು. ಹುಡುಗಿಯಾಗಿದ್ದಾಗಿನಿಂದ ನಗು ಬಂದರೆ ಸೆರಗು ಬಾಯಿಗೆ ಹೋಗುತ್ತದೆ. ಫೋಟೋದಲ್ಲಿ ತುಟಿ ಬಿಗಿ ಹಿಡಿದೇ ನಿಂತಿದ್ದೇನೆ. ಮಗುವಿಗೆ ಅದು ಬೇಡವೆನಿಸಿತ್ತು. ಬಾಯಿ ತುಂಬಾ ನಗುವುದೂ ಸಣ್ಣ ವಿಷಯವೇನಲ್ಲ.

ಆದರೆ ಬೇರೆ ಕಾರಣಗಳೂ ಇವೆ. ಒತ್ತೊತ್ತಾಗಿ ಒಂದರ ಮೇಲೊಂದು ಹತ್ತಿದ ಹಲ್ಲುಗಳ ಸಂದಿಗೆ ಬ್ರಷ್ ಹೋಗುವುದಿಲ್ಲ. ಅಲ್ಲೇ ಅನ್ನ ನಿಂತು ಹುಳುಕಾಗುತ್ತದೆ, ವಸಡಿನಲ್ಲಿ ರಕ್ತ ಬರುತ್ತದೆ. ಮುಂದೆ ಬಂದ ಮೇಲಿನ ಹಲ್ಲು, ಮಕ್ಕಳು ಆಟದಲ್ಲಿ ಬಿದ್ದಾಗ ಬೇಗ ಮುರಿಯುತ್ತದೆ. ಕೆಲವರಿಗೆ ಕೆಳಗಿನ ಹಲ್ಲು ಮೇಲಿನ ಅಂಗಳಕ್ಕೆ ಚುಚ್ಚಿ ಗಾಯವಾಗುತ್ತದೆ. ಮೇಲೆ ಕೆಳಗಿನ ಹಲ್ಲು ಸರಿಯಾಗಿ ಕೂಡದಿದ್ದರೆ ಅಗಿಯುವುದು ಕಷ್ಟ, ಒಂದೇ ಕಡೆ ಸವೆತ. ಇಂಥ ಬಾಯಿಗೆ ಚಿಕಿತ್ಸೆ ಬೇಕು.

ಹಾಗಂತ ಒಂದು ಹಲ್ಲು ಚೂರು ಓರೆಯಿದ್ದ ಮಾತ್ರಕ್ಕೆ ಸಾಲ ಮಾಡಿ ಓಡಬೇಕಾಗಿಲ್ಲ. ಶುಚಿ ಮಾಡಲು, ಅಗಿಯಲು ತೊಂದರೆಯಿಲ್ಲದೆ, ಮಗುವಿಗೂ ಬೇಸರವಿಲ್ಲದಿದ್ದರೆ ಬಿಟ್ಟರೂ ನಷ್ಟವಿಲ್ಲ.

ಒಂದೇ ಬೆಂಚು, ನಾಲ್ಕು ತಾಲ್ಲೂಕು

ತುಮಕೂರಿನ ದಂತ ಕಾಲೇಜಿನ ಬೆಂಚಿನ ಮೇಲೆ ಕಾಯುತ್ತಾ ಕೂತರೆ ಅದೇ ಒಂದು ಪಾಠಶಾಲೆ. ಒಂದು ದಿನ ನಾವು ನಾಲ್ವರು ತಾಯಂದಿರು ಒಟ್ಟಿಗೆ ಕೂತಿದ್ದೆವು. ನಾನು ಮಧುಗಿರಿ. ಉಳಿದವರು ಕೊರಟಗೆರೆ, ಶಿರಾ, ಪಾವಗಡದವರು.

ಕೊರಟಗೆರೆಯವರ ಮಗನಿಗೆ ಏಳು ವರ್ಷ. ಹಾಲು ಹಲ್ಲಿನ ದವಡೆಗಳು ಹುಳುಕಾಗಿ ಎರಡನ್ನು ಕೀಳಿಸಿದ್ದರು. “ಬೀಳೋ ಹಲ್ಲು ತಾನೆ ಅಂತ ಸುಮ್ನಿದ್ದೆ ಅಕ್ಕ” ಎಂದರು. ನಾವೂ ಅಷ್ಟೇ, ಬಿದ್ದ ಹಾಲು ಹಲ್ಲನ್ನು ಸಗಣಿಯಲ್ಲಿಟ್ಟು ಸೂರಿನ ಮೇಲೆ ಎಸೆದು ಮರೆತವರು. ಆದರೆ ಹಾಲು ಹಲ್ಲು ಕೆಳಗೆ ಬರುವ ಶಾಶ್ವತ ಹಲ್ಲಿಗೆ ಜಾಗ ಹಿಡಿದಿಟ್ಟಿರುತ್ತದೆ. ಬಸ್ಸಿನ ಸೀಟಿಗೆ ಟವೆಲ್ ಹಾಕಿದ ಹಾಗೆ. ಹೊತ್ತಿಗೆ ಮುಂಚೆ ಅದು ಹೋದರೆ ಪಕ್ಕದ ಹಲ್ಲು ವಾಲಿ ಆ ಜಾಗ ಕಬಳಿಸುತ್ತದೆ. ಆಮೇಲೆ ಬರುವ ಹಲ್ಲು ಸಿಕ್ಕ ಕಡೆ ನುಗ್ಗುತ್ತದೆ. ಆ ಮಗುವಿಗೆ ಜಾಗ ಕಾಯುವ ಒಂದು ಸಣ್ಣ ಉಂಗುರ ತಂತಿ ಹಾಕಿದರು. ಮುಂದೆ ಆಗಬಹುದಾದ ದೊಡ್ಡ ಖರ್ಚು ಅಷ್ಟರಲ್ಲೇ ತಪ್ಪಬಹುದು. ಆರನೇ ವರ್ಷಕ್ಕೆ ಹಿಂದೆ ಬರುವ ದವಡೆ ಹಲ್ಲು ಹಾಲು ಹಲ್ಲಲ್ಲ, ಜೀವಮಾನದ ಹಲ್ಲು ಎನ್ನುವುದೂ ಅವತ್ತೇ ನನಗೆ ಗೊತ್ತಾಯಿತು.

ಶಿರಾದವರ ಕಥೆ ಕೇಳಿ ಎದೆ ಝಲ್ಲೆಂದಿತು. ಮಗಳಿಗೆ ಮುಂದಿನ ಎರಡು ಹಲ್ಲಿನ ನಡುವೆ ಸಂದು. ಯಾರೋ ಹೇಳಿದರೆಂದು ಆ ಎರಡು ಹಲ್ಲಿಗೂ ಸೇರಿಸಿ ಸಣ್ಣ ರಬ್ಬರ್ ಬ್ಯಾಂಡ್ ಹಾಕಿಕೊಂಡಿದ್ದಾಳೆ. ಸಂದು ಮುಚ್ಚಿತು, ರಬ್ಬರ್ ಮಾಯವಾಯಿತು. ಬಿದ್ದುಹೋಗಿರಬೇಕು ಎಂದುಕೊಂಡರು. ಅದು ಬಿದ್ದಿರಲಿಲ್ಲ, ಜಾರಿ ವಸಡಿನೊಳಗೆ ಹೋಗಿತ್ತು. ಹಲ್ಲಿನ ಬೇರು ತುದಿಯ ಕಡೆಗೆ ಸಪೂರ, ಹಾಗಾಗಿ ರಬ್ಬರ್ ಮೇಲಕ್ಕೆ ಮೇಲಕ್ಕೆ ಜಾರುತ್ತಾ ನಾರಿನ ಪೊರೆಯನ್ನೂ ಮೂಳೆಯನ್ನೂ ತಿನ್ನುತ್ತಾ ಹೋಗುತ್ತದೆ. ಹಲ್ಲು ಅಲ್ಲಾಡತೊಡಗಿದ ಮೇಲೆ ಕರೆತಂದಿದ್ದರು. ಆ ಹಲ್ಲುಗಳನ್ನು ಉಳಿಸುವುದು ಈಗ ಕಷ್ಟದ ಕೆಲಸ. ತಾಯಂದಿರೇ, ಮನೆಯಲ್ಲಿ ರಬ್ಬರ್, ದಾರ, ತಂತಿ ಕಟ್ಟಿ ಹಲ್ಲು ಸರಿಸುವ ಸಾಹಸ ಖಂಡಿತಾ ಬೇಡ. ಮಕ್ಕಳು ಮೊಬೈಲಿನಲ್ಲಿ ನೋಡಿ ತಾವೇ ಮಾಡಿಕೊಳ್ಳುತ್ತಾರೆ, ಕಣ್ಣಿಟ್ಟಿರಿ.

ಪಾವಗಡದ ತಾಯಿ ಬೆಳಗಿನ ಜಾವದ ಬಸ್ಸಿಗೆ ಹೊರಟು ಬಂದಿದ್ದರು. ಮಗನ ಹಲ್ಲಿನ ತುಂಬ ಕಂದು ಕಲೆ. ಶಾಲೆಯಲ್ಲಿ “ಹಲ್ಲುಜ್ಜಲ್ವೇನೋ” ಎಂದು ಹಂಗಿಸುತ್ತಾರಂತೆ. “ಕ್ಲಿಪ್ ಹಾಕಿದ್ರೆ ಇದು ಹೋಗುತ್ತಾ?” ಅಂತ ಅವರ ಪ್ರಶ್ನೆ. ಹೋಗುವುದಿಲ್ಲ. ಅದು ಕೊಳೆಯೂ ಅಲ್ಲ, ಹುಡುಗನ ಸೋಮಾರಿತನವೂ ಅಲ್ಲ. ನಮ್ಮ ನೀರಿನ ಗುಣ. ಪಾವಗಡ, ಶಿರಾ, ಮಧುಗಿರಿ ಕಡೆಯ ಎಷ್ಟೋ ಕೊಳವೆಬಾವಿಗಳಲ್ಲಿ ಫ್ಲೋರೈಡ್ ಹೆಚ್ಚು. ಕುಡಿಯುವ ನೀರಿನಲ್ಲಿ ಲೀಟರಿಗೆ 1 ಮಿಲಿಗ್ರಾಂ ಒಳಗಿರಬೇಕು, ಬೇರೆ ನೀರೇ ಇಲ್ಲದಿದ್ದರೆ 1.5ರವರೆಗೆ ಎಂದು ನಮ್ಮ ದೇಶದ ನಿಯಮ. ಹಲ್ಲು ಇನ್ನೂ ವಸಡಿನೊಳಗೆ ಬೆಳೆಯುತ್ತಿರುವಾಗಲೇ, ಅಂದರೆ ಹುಟ್ಟಿದಂದಿನಿಂದ ಎಂಟು ವರ್ಷದವರೆಗೆ, ಹೆಚ್ಚಾದ ಫ್ಲೋರೈಡ್ ಹಲ್ಲಿನ ಹೊರಪದರವನ್ನು ಕೆಡಿಸುತ್ತದೆ. ಉಜ್ಜಿದರೆ ಹೋಗದ ಕಲೆಯದು.

ಕುದಿಸಿದರೆ ಫ್ಲೋರೈಡ್ ಹೋಗುತ್ತದೆ ಎಂದು ನಂಬಬೇಡಿ. ನೀರು ಆವಿಯಾಗಿ ಉಳಿದದ್ದರಲ್ಲಿ ಇನ್ನಷ್ಟು ಗಟ್ಟಿಯಾಗುತ್ತದೆ ಅಷ್ಟೆ. ಊರಿನ ಶುದ್ಧ ನೀರಿನ ಘಟಕದ ನೀರನ್ನು ಚಿಕ್ಕ ಮಕ್ಕಳಿಗೆ ಕುಡಿಯಲು ಮಾತ್ರವಲ್ಲ, ಅನ್ನ, ಮುದ್ದೆ, ಸಾರಿಗೂ ಬಳಸಿ. ಮನೆಯ ಬೋರ್‌ವೆಲ್ ನೀರನ್ನು ಪಂಚಾಯಿತಿಯಲ್ಲಿ ಕೇಳಿ ಪರೀಕ್ಷೆ ಮಾಡಿಸಿ. ಕಲೆಯನ್ನು ಮರೆಮಾಡುವ ಚಿಕಿತ್ಸೆಗಳು ಬೇರೆ ಇವೆ. ಕ್ಲಿಪ್ ಹಾಕಿಸುವವರಿಗೆ ಇನ್ನೊಂದು ಮಾತು. ಇಂಥ ಹಲ್ಲಿನ ಮೇಲೆ ಬ್ರಾಕೆಟ್ಟಿನ ಅಂಟು ಅಷ್ಟು ಗಟ್ಟಿಯಾಗಿ ಕೂರುವುದಿಲ್ಲ, ಪದೇ ಪದೇ ಬಿಡಬಹುದು. ನನ್ನ ಚಿಕ್ಕ ಮಗಳಿಗೂ ತೆಳು ಕಲೆಯಿದೆ. ಎರಡು ಸಲ ಬ್ರಾಕೆಟ್ ಕಳಚಿಕೊಂಡಾಗ ಅವಳನ್ನೇ ಬೈದಿದ್ದೆ. ಆಮೇಲೆ ತಿಳಿದು ಸುಮ್ಮನಾದೆ.

ಅಡುಗೆಮನೆಯ ಪಾಲು

ಕ್ಲಿಪ್ ಹಾಕಿದ ಮೊದಲ ಮೂರು ನಾಲ್ಕು ದಿನ, ಮತ್ತೆ ಪ್ರತಿ ಸಲ ತಂತಿ ಬದಲಿಸಿದಾಗ, ಹಲ್ಲು ನೋಯುತ್ತದೆ. ಆಗ ನಮ್ಮ ಸೀಮೆಯ ಊಟವೇ ಕೈಹಿಡಿಯುತ್ತದೆ. ಮುದ್ದೆಯನ್ನು ಅಗಿಯುವ ಗೋಜೇ ಇಲ್ಲವಲ್ಲ! ಮೆತ್ತಗೆ ತಿರುವಿದ ಮುದ್ದೆ, ಬಸ್ಸಾರು, ರಾಗಿ ಅಂಬಲಿ, ಇಡ್ಲಿ, ಮೊಸರನ್ನ, ಬೆಂದ ಹೆಸರುಬೇಳೆಯ ಹುಗ್ಗಿ, ಬಾಳೆಹಣ್ಣು, ಪರಂಗಿ ಹಣ್ಣು ಕೊಡಿ. ಚಕ್ಕುಲಿ, ನಿಪ್ಪಟ್ಟು, ಹುರಿದ ಕಡಲೆಕಾಯಿ, ಕೊಬ್ಬರಿ, ಕಡಲೆ ಮಿಠಾಯಿ, ಅಂಟುವ ಚಾಕಲೇಟು ಚಿಕಿತ್ಸೆ ಮುಗಿಯುವ ತನಕ ದೂರವಿರಲಿ. ಸೀಬೆ, ಸೇಬು, ಮುಸುಕಿನ ಜೋಳವನ್ನು ಕಚ್ಚಿ ತಿನ್ನುವುದು ಬೇಡ. ಹಣ್ಣು ಚಿಕ್ಕದಾಗಿ ಹೆಚ್ಚಿಕೊಡಿ, ಜೋಳ ಬೇಯಿಸಿ ಬಿಡಿಸಿಕೊಡಿ. ಸಂಕ್ರಾಂತಿಯ ಕಬ್ಬಿನ ಜಲ್ಲೆಗೆ ನಮ್ಮ ಹುಡುಗಿ ಕಣ್ಣೀರು ಹಾಕಿದಳು. ಹಾಲು ಕಾಯಿಸುವಂತೆ ಕಬ್ಬಿನ ರಸ ಕಾಯಿಸಿ ಪಾಯಸ ಮಾಡಿಕೊಟ್ಟೆ.

ಕೆನ್ನೆಯ ಒಳಗೆ ತಂತಿ ಉಜ್ಜಿ ಹುಣ್ಣಾದರೆ ಬೆಚ್ಚಗಿನ ಉಪ್ಪುನೀರಿನಲ್ಲಿ ಬಾಯಿ ಮುಕ್ಕಳಿಸಲಿ. ಚುಚ್ಚುವ ಕಡೆ ಹಚ್ಚಲು ಡಾಕ್ಟರೇ ಮೇಣ ಕೊಡುತ್ತಾರೆ. ಪ್ರತಿ ಊಟದ ನಂತರ ಉಜ್ಜಿಸಿ. ಉಜ್ಜದೆ ಬಿಟ್ಟರೆ ಬ್ರಾಕೆಟ್ ಸುತ್ತ ಹಲ್ಲು ಬಿಳುಚಿ ಹುಳುಕು ಶುರುವಾಗುತ್ತದೆ. ನೆಟ್ಟಗಿನ ಹುಳುಕು ಹಲ್ಲು ಯಾರಿಗೆ ಬೇಕು?

ಬಿಚ್ಚಿದ ಮೇಲೆ ಉಳಿಯುವ ಕೆಲಸ

ಈಗ ನನ್ನ ತಪ್ಪಿಗೆ ಬರುತ್ತೇನೆ. ತಂತಿ ಬಿಚ್ಚಿದ ದಿನ ಹಲ್ಲು ಹೊಸ ಜಾಗದಲ್ಲಿ ನಿಂತಿರುತ್ತದೆ ನಿಜ. ಆದರೆ ಹಿಂದೆ ತುಂಬಿದ ಮೂಳೆ ಇನ್ನೂ ಹಸಿ. ಗಟ್ಟಿಯಾಗಲು ತಿಂಗಳುಗಳು ಬೇಕು. ವಸಡಿನೊಳಗಿನ ನಾರುಗಳಂತೂ ಎಳೆದ ರಬ್ಬರಿನ ಹಾಗೆ ಹಲ್ಲನ್ನು ಹಳೇ ಜಾಗಕ್ಕೆ ಜಗ್ಗುತ್ತಿರುತ್ತವೆ. ಅವು ಹೊಸ ಜಾಗಕ್ಕೆ ಒಗ್ಗಲು ವರ್ಷವೂ ಹಿಡಿಯಬಹುದು. ಹೊಸ ಗೋಡೆ ಒಣಗುವ ತನಕ ಊರೆ ಕೊಟ್ಟಿರುತ್ತೇವಲ್ಲ, ಆ ಊರೆಯೇ ಪ್ಲೇಟು. ರಿಟೈನರ್ ಎಂದು ಅದರ ಹೆಸರು. ಮೊದಲು ಹಗಲು ರಾತ್ರಿ, ಆಮೇಲೆ ವರ್ಷಗಟ್ಟಲೆ ರಾತ್ರಿ ಹೊತ್ತು, ಡಾಕ್ಟರು ಹೇಳುವಷ್ಟು ಕಾಲ ಹಾಕಲೇಬೇಕು. ಕೆಲವರಿಗೆ ಹಲ್ಲಿನ ಹಿಂದೆ ಕಾಣದಂತೆ ಸಣ್ಣ ತಂತಿ ಅಂಟಿಸುವುದೂ ಉಂಟು. ನಾನು ಗೋಡೆ ಹಸಿಯಿರುವಾಗಲೇ ಊರೆ ತೆಗೆದವಳು.

ದೊಡ್ಡ ಮಗಳು ಈಗ ಬೆಂಗಳೂರಿನಲ್ಲಿ ಕೆಲಸದಲ್ಲಿದ್ದಾಳೆ. ಹೋದ ಸಲ ಬಂದಾಗ ನಕ್ಕಳು, ಬಾಯಲ್ಲಿ ಮತ್ತೆ ತಂತಿ! ತನ್ನ ಸಂಬಳದಲ್ಲೇ ಹಾಕಿಸಿಕೊಂಡಿದ್ದಾಳೆ. ವಯಸ್ಸಾದ ಮೇಲೂ ಆಗುತ್ತದೆಯೇ ಎಂದು ಕೇಳಿದೆ. ಮೂಳೆ, ವಸಡು ಚೆನ್ನಾಗಿದ್ದರೆ ದೊಡ್ಡವರಿಗೂ ಆಗುತ್ತದಂತೆ, ಸ್ವಲ್ಪ ನಿಧಾನ ಅಷ್ಟೆ. “ಅವತ್ತು ನಾನು ಹಾಗನ್ನಬಾರದಿತ್ತು ಕಣೇ” ಎಂದೆ. “ಹೋಗ್ಲಿ ಬಿಡಮ್ಮ, ನಿಂಗೂ ಗೊತ್ತಿರ್ಲಿಲ್ಲ, ನಂಗೂ ಗೊತ್ತಿರ್ಲಿಲ್ಲ” ಅಂದಳು. ಅವಳು ಹಾಗಂದದ್ದೇ ನನಗೆ ಇನ್ನೂ ಚುಚ್ಚುತ್ತದೆ.

ನಿಮಗೆ ಹಾಗಾಗದಿರಲಿ ಎಂದು ಕೊನೆಗೆ ನಾಲ್ಕು ಮಾತು:

● ಮಗುವಿಗೆ ಏಳು ವರ್ಷವಾದಾಗ ಒಮ್ಮೆ ಹಲ್ಲಿನ ವೈದ್ಯರಿಗೆ ತೋರಿಸಿ. ಆಗಲೇ ಕ್ಲಿಪ್ ಹಾಕಬೇಕೆಂದಲ್ಲ, ಹಲ್ಲು ಬರುವ ದಾರಿ ನೋಡಲು.

● ನಾಲ್ಕೈದು ವರ್ಷ ದಾಟಿದರೂ ಹೆಬ್ಬೆರಳು ಚೀಪುತ್ತಿದ್ದರೆ ಮೇಲಿನ ಹಲ್ಲು ಮುಂದೆ ಬರುತ್ತದೆ. ಬೇವಿನೆಣ್ಣೆ ಹಚ್ಚಿ ಹೆದರಿಸುವುದಕ್ಕಿಂತ ಪ್ರೀತಿಯಿಂದ ಬಿಡಿಸಿ. ಸದಾ ಬಾಯಿ ತೆರೆದು ಉಸಿರಾಡುವ ಮಗುವಿನ ಮೂಗನ್ನೂ ತೋರಿಸಿ.

● ಹಲ್ಲಿನ ಡಾಕ್ಟರ ಓದು ಮುಗಿಸಿದ ಮೇಲೆ ಇದಕ್ಕೆಂದೇ ಮತ್ತೆ ಮೂರು ವರ್ಷ ಓದಿದವರು ಆರ್ಥೊಡಾಂಟಿಸ್ಟ್. ಅವರೇ ಎಂದು ಖಚಿತಪಡಿಸಿಕೊಳ್ಳಿ.

● ಒಟ್ಟು ಖರ್ಚಿನಲ್ಲಿ ಪ್ಲೇಟಿನದೂ ಸೇರಿದೆಯೇ ಎಂದು ಮೊದಲೇ ಕೇಳಿ. ಕಂತಿನಲ್ಲಿ ಕಟ್ಟಬಹುದೇ ವಿಚಾರಿಸಿ. ದಂತ ಕಾಲೇಜುಗಳಲ್ಲಿ ಸಾಮಾನ್ಯವಾಗಿ ಖರ್ಚು ಕಡಿಮೆ. ಬೆಂಗಳೂರಿನಲ್ಲಿ 1958ರಲ್ಲಿ ಆರಂಭವಾದ ಸರ್ಕಾರಿ ದಂತ ಕಾಲೇಜೂ ಇದೆ.

● ಪ್ಲೇಟು ಬಾಯಲ್ಲಿ ಇಲ್ಲದಾಗ ಡಬ್ಬಿಯಲ್ಲಿರಬೇಕು. ಕಾಗದದಲ್ಲಿ ಅಲ್ಲ, ಜೇಬಿನಲ್ಲಿ ಅಲ್ಲ, ಊಟದೆಲೆಯ ಪಕ್ಕದಲ್ಲಂತೂ ಅಲ್ಲವೇ ಅಲ್ಲ. ಬಿಸಿನೀರಿನಲ್ಲಿ ತೊಳೆಯಬೇಡಿ, ಸೊಟ್ಟಗಾಗುತ್ತದೆ. ಕಳೆದರೆ ಅದೇ ವಾರ ಹೋಗಿ ಹೊಸದು ಮಾಡಿಸಿ.

ಚಿಕ್ಕವಳ ತಂತಿ ಬಿಚ್ಚಲು ಇನ್ನೂ ಐದು ತಿಂಗಳಿದೆ. ಪ್ಲೇಟಿನ ಡಬ್ಬಿಯನ್ನು ಈಗಲೇ ತಂದಿಟ್ಟಿದ್ದೇನೆ. ಕೆಂಪು ಬಣ್ಣದ್ದು. ದೂರದಿಂದಲೇ ಕಾಣಲಿ ಎಂದು.